ಶಿಲುಬೆ ಹಾದಿಗೆ ಹದಿನಾಲ್ಕು ಪದ: ಭಾಮಿನಿಯಲ್ಲೋ, ವಚನದಲ್ಲೋ?

ತಪಸ್ಸುಕಾಲ (ಬದಿಯಡ್ಕ ಕಡೆ) ಎಂಬ ಹೆಸರಿನವರ ಪ್ರಶ್ನೆ

ಈಸ್ಟರಿಗೆ ಮುಂಚೆ ಬರುವ ತಪಸ್ಸು ಕಾಲದ ಶುಕ್ರವಾರಗಳಿಗೆ, ಯೇಸು ಶಿಲುಬೆ ಹೊತ್ತು ನಡೆದದ್ದನ್ನು ನಿಂತು ನಿಂತು ನೆನೆಯುವ ಶಿಲುಬೆ ಹಾದಿಯ ಹದಿನಾಲ್ಕು ಸ್ಥಳಕ್ಕೆ ಒಂದೊಂದು ಕನ್ನಡ ಪದ ಬೇಕಾಗಿದೆ. ಇಗರ್ಜಿಯ ಒಳಗಲ್ಲ, ಗುಡ್ಡೆಯ ದಾರಿಯಲ್ಲಿ ನಡೆಯುತ್ತ ಹೇಳುವಂಥದ್ದು. ಬರುವವರಲ್ಲಿ ಹೆಚ್ಚಿನವರ ಮನೆಮಾತು ಕೊಂಕಣಿ. ಮಕ್ಕಳಲ್ಲಿ ಕೆಲವರು ಮಲಯಾಳ ಮಾಧ್ಯಮದವರು, ಕನ್ನಡ ಕೇಳಿದರೆ ಗೊತ್ತಾಗುತ್ತದೆ, ಓದಲು ಕಷ್ಟ.

ವಚನಕಾರರ ಮತ್ತು ದಾಸರ ದಾರಿಯಲ್ಲಿ ಬರೆಯಬೇಕೆಂದು ಆಸೆ. ಆದರೆ ಬರೆದದ್ದೆಲ್ಲ ಹಳೆ ಪದಕ್ಕೆ ಹೆಸರು ಬದಲಿಸಿದ ಹಾಗೆ ಆಗುತ್ತದೆ. ಎರಡು ತುಂಡು ಇಲ್ಲಿ ಹಾಕಿದ್ದೇನೆ, ದಾಕ್ಷಿಣ್ಯ ಇಲ್ಲದೆ ಹೇಳಿ.

ಮೂರನೇ ಸ್ಥಳಕ್ಕೆ (ಮೊದಲ ಸಲ ಬೀಳುವುದು) ವಚನ:

ಲೋಕವೆಂಬ ಸಾಗರದಲ್ಲಿ
ಪಾಪವೆಂಬ ತೆರೆಗಳೆದ್ದು
ದೇಹವೆಂಬ ದೋಣಿ ಮುಳುಗುತಿದೆ,
ಕೈಹಿಡಿದು ದಡ ಸೇರಿಸಯ್ಯಾ ಯೇಸುದೇವಾ.

ಐದನೇ ಸ್ಥಳಕ್ಕೆ (ಸಿಮೋನ ಶಿಲುಬೆ ಹೊರುವುದು) ಭಾಮಿನಿ ಷಟ್ಪದಿಯ, ಅಂದರೆ ಆರು ಸಾಲಿನ ಪದ್ಯದ, ಮೊದಲ ಸಾಲು:

ಸಿಮೋನನಾಗ ಹೊಲದಿ ಬಂದನು

ಮಾತ್ರೆ (ಹ್ರಸ್ವಕ್ಕೆ ಒಂದು, ದೀರ್ಘಕ್ಕೆ ಎರಡು) ಎಣಿಸಿದರೆ ಸರಿಯಾಗಿ 14 ಬರುತ್ತದೆ. ಹಾಡಿದರೆ ಕುಂಟುತ್ತದೆ. ಯಾಕೆ?

ಇನ್ನು ಮೂರು ಸಂಶಯ. ಆದಿಪ್ರಾಸ (ಪ್ರತಿ ಸಾಲಿನ ಎರಡನೇ ಅಕ್ಷರ ಒಂದೇ ಇರುವುದು) ಬಿಡಬಹುದೋ? ಅಂಕಿತ (ಪದದ ಕೊನೆಯ ಗುರುತಿನ ಹೆಸರು) ಇಡಬೇಕೋ? ಭವ, ಕರ್ಮ, ವೈಕುಂಠ ಇಂಥ ಶಬ್ದಗಳನ್ನು ಎಷ್ಟರ ಮಟ್ಟಿಗೆ ತರಬಹುದು?

ಗಣಪ್ರಸ್ತಾರ

ಕುಂಟುವ ಕಾರಣ ಮೊದಲು. ಭಾಮಿನಿಯಲ್ಲಿ ಒಟ್ಟು ಲೆಕ್ಕ ಸರಿಯಾದರೆ ಸಾಲದು, ಗಣದ (ಮಾತ್ರೆಗಳ ಗುಂಪಿನ) ಒಳಗೂ ನಡೆ ಇರಬೇಕು. 1, 2, 4, 5ನೇ ಸಾಲು 3+4+3+4, ಅಂದರೆ 14. 3 ಮತ್ತು 6ನೇ ಸಾಲು 3+4+3+4+3+4 ಆಗಿ ಕೊನೆಗೊಂದು ಗುರು (ಎರಡು ಮಾತ್ರೆಯ ಅಕ್ಷರ; ಒಂದು ಮಾತ್ರೆಯದ್ದು ಲಘು), ಒಟ್ಟು 23. ನಿಮ್ಮ ಸಾಲನ್ನು ಕಡಿದು ನೋಡಿ:

ಸಿಮೋ | ನನಾಗ | ಹೊಲದಿ | ಬಂದನು

‘ಸಿಮೋ’ ಲಘು-ಗುರು. ಗಣದ ಬಾಯಲ್ಲೇ ಲಘುವಿನ ಬೆನ್ನಿಗೆ ಗುರು ಬಂದರೆ ತಾಳದ ಪೆಟ್ಟು ಒಂದು ಕಡೆ, ಅಕ್ಷರದ ಭಾರ ಇನ್ನೊಂದು ಕಡೆ. ‘ನನಾಗ’ ಲಘು-ಗುರು-ಲಘು, ಅಂದರೆ ಜಗಣ. ನಾಲ್ಕು ಮಾತ್ರೆಯ ಗಣಗಳಲ್ಲಿ ಷಟ್ಪದಿಗೆ ಬೇಡದ್ದು ಅದೊಂದೇ. ನಿಮ್ಮ ಸಾಲಿನಲ್ಲಿ ಎರಡು ಕಾಯಿಲೆಯೂ ಅಕ್ಕಪಕ್ಕ ಕೂತಿವೆ. ಮೂರನೆಯ ಮತ್ತು ನಾಲ್ಕನೆಯ ಗಣ ಚೆನ್ನಾಗಿಯೇ ಇವೆ.

ಬೈಬಲಿನ ಹೆಸರುಗಳಲ್ಲಿ ಈ ತೊಂದರೆ ಪದೇ ಪದೇ ಬರುತ್ತದೆ. ಬರೆಯುವ ಮುಂಚೆ ಹೆಸರುಗಳನ್ನೆಲ್ಲ ಒಂದು ಕಾಗದದಲ್ಲಿ ತೂಗಿ ಇಟ್ಟುಕೊಳ್ಳಿ. ಯೇಸು, ಪೇತ್ರ, ಯೂದ, ಮರಿಯ, ಶಿಲುಬೆ ಇವೆಲ್ಲ ಮೂರು ಮಾತ್ರೆ, ಕಣ್ಣು ಮುಚ್ಚಿ ಇಡಬಹುದು. ‘ಯೇಸುವೆ’, ‘ಶಿಲುಬೆಯ’ ನಾಲ್ಕು. ಪಿಲಾತ ಜಗಣ. ವೆರೋನಿಕ ಲಘು-ಗುರುವಿನಿಂದ ಶುರು. ಯೋಹಾನ ಐದು ಮಾತ್ರೆ, ಗೊಲ್ಗೊಥಾ ಕೂಡ ಐದು. ಇವೆರಡು ಐದೈದರ ಗಣದ ವಾರ್ಧಕ ಷಟ್ಪದಿಗೆ ಹೇಳಿ ಮಾಡಿಸಿದವು, ಭಾಮಿನಿಗೆ ಅಲ್ಲ. ಎಲ್ಲಕ್ಕಿಂತ ಮೋಸ ಮಾಡುವುದು ‘ಯೇಸುಕ್ರಿಸ್ತ’. ನೋಡಲು 3+3. ಆದರೆ ಮುಂದಿನ ಒತ್ತಕ್ಷರದಿಂದ ‘ಸು’ ಗುರುವಾಗಿ 4+3 ಆಗುತ್ತದೆ. ಭಾಮಿನಿಗೆ ಬೇಕಾದದ್ದು 3+4, ಹಾಗಾಗಿ ಸಾಲಿನ ಆರಂಭದಲ್ಲಿ ಅದು ಯಾವತ್ತೂ ಕೂರುವುದಿಲ್ಲ.

ಹೆಸರು ಕೂರದಿದ್ದರೆ ಹಿಂಡಬೇಡಿ, ಬಿಟ್ಟುಬಿಡಿ. ಪಿಲಾತನಿಗೆ ‘ಅಧಿಪತಿ’ ಎಂದರೆ ನಾಲ್ಕು ಲಘು, ಸಲೀಸು. ಸಿಮೋನನ ಹೆಸರನ್ನು ಹೇಗೂ ಮುಂದಾಳು ಮೊದಲೇ ಓದಿ ಹೇಳುತ್ತಾರೆ: ‘ಐದನೇ ಸ್ಥಳ, ಸಿರೇನಿನ ಸಿಮೋನನು ಶಿಲುಬೆ ಹೊರಲು ಸಹಾಯ ಮಾಡುವುದು.’ ಪದದಲ್ಲಿ ಮತ್ತೆ ಯಾಕೆ? ಮಾರ್ಕನ ಸುವಾರ್ತೆ (15:21) ಅವನು ಹೊಲದ ಕಡೆಯಿಂದ ಬರುತ್ತಿದ್ದ ಎನ್ನುತ್ತದೆ. ಪದಕ್ಕೆ ಬೇಕಾದ ಮಣ್ಣು ಅದರಲ್ಲೇ ಉಂಟು.

ಹೊಲದಿ ಬರುತಿರಲವನ ತಡೆದರು
ಬಲದಿ ಹೆಗಲಿಗೆ ಮರವ ಹೊರಿಸುತ
ತಲೆಯ ತಗ್ಗಿಸಿ ನಡೆದನಾತನು ನಿನ್ನ ಹೆಜ್ಜೆಯಲಿ
ಕೆಲಸ ಮುಗಿಯದ ಕೈಯ ಮಣ್ಣಿನ
ಕಲೆಯು ಶಿಲುಬೆಗೆ ಹತ್ತಿಕೊಂಡಿತು
ಸಲಿಸು ನನಗೂ ಹೊರೆಯ ಪಾಲನು ದಾರಿಹೋಕನಿಗೆ

ಮೂರನೇ ಸಾಲು: ತಲೆಯ | ತಗ್ಗಿಸಿ | ನಡೆದ | ನಾತನು | ನಿನ್ನ | ಹೆಜ್ಜೆಯ | ಲಿ. ಕೊನೆಯ ‘ಲಿ’ ಬರಹದಲ್ಲಿ ಲಘು, ಪದ್ಯದಲ್ಲಿ ಗುರು. ಪಾದದ ಕೊನೆಗೆ ಆ ಸಲಿಗೆ ಇದೆ. ಆರು ಸಾಲಿನ ಎರಡನೇ ಅಕ್ಷರವೂ ಲಕಾರ, ಅದಕ್ಕೆ ಮುಂಚಿನ ಅಕ್ಷರ ಆರರಲ್ಲೂ ಲಘು. ಹೊಸಬರು ತಪ್ಪುವುದು ಈ ಎರಡನೆಯದರಲ್ಲಿ. ‘ಹೊಲ’ಕ್ಕೆ ‘ಕಾಲ’ ಪ್ರಾಸವಾಗುವುದಿಲ್ಲ, ಮೊದಲ ಅಕ್ಷರದ ತೂಕ ಬೇರೆ. ‘ಹೊಲ’ಕ್ಕೆ ‘ಕಲ್ಲು’ ಸಹ ಆಗದು, ಒತ್ತಿಗೆ ಒತ್ತೇ ಬೇಕು. ಲ-ಳ ಬೆರೆಸಬೇಡಿ.

ಒಂದು ಪದ್ಯಕ್ಕೆ 4×14 ಮತ್ತು 2×23, ಒಟ್ಟು 102 ಮಾತ್ರೆ. ವಾರ್ಧಕವಾದರೆ 144, ಕುಸುಮ ಷಟ್ಪದಿಯಾದರೆ 74. ಹದಿನಾಲ್ಕು ಕಡೆ ನಿಂತು ಹೇಳಲು ಭಾಮಿನಿಯ ಉದ್ದ ಹದವಾಗಿದೆ. ವಾರ್ಧಕ ಎಳೆಯುತ್ತದೆ, ಕುಸುಮದಲ್ಲಿ ಮಾತು ಶುರುವಾಗುವಷ್ಟರಲ್ಲಿ ಮುಗಿಯುತ್ತದೆ.

ಚಂದ್ರಗಿರಿ ದಡ

ಛಂದಸ್ಸಿನ ಮಾತು ಮೇಲಿನವರು ಹೇಳಿದ್ದಾರೆ. ನಾನು ‘ಹೆಸರು ಬದಲಿಸಿದ ಹಾಗೆ ಆಗುತ್ತದೆ’ ಎಂಬ ದೂರಿಗೆ ಬರುತ್ತೇನೆ. ಈ ದಾರಿಯಲ್ಲಿ ನೀವು ಮೊದಲಿಗರಲ್ಲ. ನಮ್ಮ ನಾಲ್ಕು ದಿಕ್ಕಿಗೂ ಜನ ನಡೆದುಹೋಗಿದ್ದಾರೆ.

ಉತ್ತರಕ್ಕೆ ಥಾಮಸ್ ಸ್ಟೀಫನ್ಸ್. ಇಂಗ್ಲೆಂಡಿನವರು, ಗೋವೆಯಲ್ಲಿದ್ದವರು. 1616ರಲ್ಲಿ ಅಚ್ಚಾದ ಅವರ ಕ್ರಿಸ್ತಪುರಾಣ ಮರಾಠಿಯಲ್ಲಿದೆ, ನಡುನಡುವೆ ಕೊಂಕಣಿ ಬೆರೆತಿದೆ. ಪೂರ್ತಿ ಓವಿಯಲ್ಲಿ, ಅಂದರೆ ಜ್ಞಾನೇಶ್ವರ, ಏಕನಾಥರ ಛಂದಸ್ಸಿನಲ್ಲಿ. 1907ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಪ್ರತಿಯಲ್ಲಿ 10,962 ಓವಿಗಳಿವೆ. ಮೂರು ಸಾಲು ಪ್ರಾಸದಿಂದ ಕಟ್ಟಿ, ನಾಲ್ಕನೆಯದನ್ನು ಗಿಡ್ಡ ಮಾಡಿ ಪ್ರಾಸವಿಲ್ಲದೆ ಬಿಡುವುದು ಓವಿಯ ಗುಟ್ಟು. ಆ ಗಿಡ್ಡ ಸಾಲು ಉಸಿರು ಬಿಡುವ ಜಾಗ. ಪರಲೋಕಕ್ಕೆ ಅವರು ವೈಕುಂಠ ಎಂಬ ಶಬ್ದವನ್ನೇ ಬಳಸಿದ್ದಾರೆ.

ದಕ್ಷಿಣಕ್ಕೆ ಅರ್ನೋಸ್ ಪಾದ್ರಿ (1681–1732), ಜರ್ಮನಿಯಿಂದ ಬಂದವರು. ಮಲಯಾಳದ ಭಕ್ತಕವಿ ಪೂಂತಾನಂ ಜ್ಞಾನಪ್ಪಾನಕ್ಕೆ ಬಳಸಿದ ಸರ್ಪಿಣಿ ವೃತ್ತವನ್ನೇ ಬಹುಪಾಲು ಹಿಡಿದು, ಕ್ರಿಸ್ತನ ಕತೆ ಹೇಳುವ ಪುತ್ತನ್ ಪಾನ ಬರೆದರು. ಅದರ ತಾಯಿಯ ಪ್ರಲಾಪದ ಭಾಗವನ್ನು ಶುಭ ಶುಕ್ರವಾರದ ಹೊತ್ತಿಗೆ ಕೇರಳದಲ್ಲಿ ಇವತ್ತಿಗೂ ಓದುತ್ತಾರೆ. ನಿಮ್ಮ ಮಲಯಾಳ ಮಾಧ್ಯಮದ ಮಕ್ಕಳ ಅಜ್ಜಿಯಂದಿರಿಗೆ ಬಾಯಿಪಾಠ ಇದ್ದರೂ ಇರಬಹುದು. ನಾಲ್ಕನೇ ಸ್ಥಳ (ತಾಯಿಯ ಭೇಟಿ) ಬರೆಯುವ ಮುಂಚೆ ಒಮ್ಮೆ ಕೇಳಿ.

ಮರಾಠಿಯಲ್ಲಿ ನಾರಾಯಣ ವಾಮನ ತಿಲಕರು (1919ರಲ್ಲಿ ತೀರಿಕೊಂಡರು) ತುಕಾರಾಮರ ಭಕ್ತಿಪದವಾದ ಅಭಂಗವನ್ನು ಕ್ರಿಸ್ತನ ಕಡೆ ತಿರುಗಿಸಿದರು. ಕನ್ನಡದಲ್ಲಿ, ನಿಘಂಟಿನ ಕಿಟೆಲ್ 1862ರಲ್ಲೇ ಕಥಾಮಾಲೆ ಎಂದು ಕ್ರಿಸ್ತನ ಚರಿತ್ರೆಯನ್ನು ನಮ್ಮ ದೇಶೀ ಛಂದಸ್ಸುಗಳಲ್ಲಿ ಬರೆದರು. ಕಿಟೆಲರಿದ್ದ ಬಾಸೆಲ್ ಮಿಶನ್ನಿನವರೇ ಆದ ಮೊಗ್ಲಿಂಗ್ 1850ರಲ್ಲಿ ಹರಿದಾಸರ ಪದಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದ್ದರು. ಕಿಟೆಲರ ಕಾಲಕ್ಕೆ ಕನ್ನಡ ಕ್ರೈಸ್ತ ಗೀತಗಳ ಇನ್ನೊಂದು ದಾರಿಯೂ ಇತ್ತು: ಯುರೋಪಿನ ರಾಗಕ್ಕೆ ಕನ್ನಡ ಶಬ್ದ ಜೋಡಿಸುವುದು. ಅದರಲ್ಲಿ ತಪ್ಪುವುದೆಲ್ಲಿ ಅಂದರೆ, ರಾಗದ ಉದ್ದ ಸ್ವರ ಕನ್ನಡದ ಲಘುವಿನ ಮೇಲೆ ಬಂದು ಕೂರುತ್ತದೆ. ‘ಮನ’ ಹೋಗಿ ‘ಮಾನ’ ಆಗುತ್ತದೆ. ‘ಬಲ ಕೊಡು ದೇವಾ’ ಎಂದು ಬರೆದದ್ದು ಇಡೀ ಸಭೆಯ ಬಾಯಲ್ಲಿ ‘ಬಾಲ ಕೊಡು ದೇವಾ’ ಆದರೆ ಮಕ್ಕಳ ಬೆಂಚಿನ ಕಡೆ ನೋಡುವುದೇ ಬೇಡ. ದೇಶೀ ಛಂದಸ್ಸು ಹಿಡಿಯಲು ಇದಕ್ಕಿಂತ ದೊಡ್ಡ ಕಾರಣ ನನಗೆ ಕಾಣುವುದಿಲ್ಲ.

ಇನ್ನು ನಮ್ಮ ಮಂಜೇಶ್ವರದ ಗೋವಿಂದ ಪೈಗಳು. ಯೇಸುವಿನ ಕೊನೆಯ ದಿನದ ಮೇಲೆ ಗೊಲ್ಗೊಥಾ, ಬುದ್ಧನ ಕೊನೆಯ ದಿನದ ಮೇಲೆ ವೈಶಾಖಿ. ಕನ್ನಡದಲ್ಲಿ ಈ ವಸ್ತುವಿಗೆ ಕೈಹಾಕುವವರು ಗೊಲ್ಗೊಥಾ ಓದದೆ ಇರಬಾರದು. ಆದರೆ ನಿಮ್ಮ ಕೆಲಸಕ್ಕೆ ಅದು ಮಾದರಿ ಅಲ್ಲ. ಅದು ಖಂಡಕಾವ್ಯ, ನೋಡಿ ಹೇಳುವ ಕತೆ. ನಿಮಗೆ ಬೇಕಾದದ್ದು ‘ನೀನು’ ಎಂದು ಎದುರಿಗೆ ನಿಂತು ಆಡುವ ಮಾತು. ಅಲ್ಲಿಂದ ಶಬ್ದಸಂಪತ್ತು ತಂದು ಇಲ್ಲಿ ಸುರಿದರೆ ಗುಡ್ಡೆ ಹತ್ತುವವರ ಉಸಿರು ನಿಲ್ಲುತ್ತದೆ. ಸಾಲು ಎತ್ತಿ ಹಾಕಲು ಕಾನೂನಿನ ಅಡ್ಡಿ ಈಗ ಇಲ್ಲ: ಪೈಗಳು 1963ರಲ್ಲಿ ತೀರಿಕೊಂಡರು, ಅರುವತ್ತು ವರ್ಷದ ಹಕ್ಕುಸ್ವಾಮ್ಯ 2023ರ ಕೊನೆಗೆ ಮುಗಿಯಿತು.

ಆದಿಪ್ರಾಸದ ಪ್ರಶ್ನೆಗೂ ಉತ್ತರ ಅವರಲ್ಲೇ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಪ್ರಾಸ ಬಿಟ್ಟು ಬರೆದು ಗದ್ದಲ ಎಬ್ಬಿಸಿದವರು ಅವರು. ಬಿಡಬಹುದು. ಷಟ್ಪದಿಯಲ್ಲಿ ಬಿಟ್ಟರೆ ಮಾತ್ರ ಬೋಳಾಗಿ ಕಾಣುತ್ತದೆ.

ಈಗ ಶಬ್ದಗಳು. ವೈಕುಂಠ ಸ್ಟೀಫನ್ಸರಿಗೆ ಸಂದಿತು. ನಾಲ್ಕು ಶತಮಾನದ ಬಳಿಕ ನೀವು ಬಳಸಿದರೆ ನಮ್ಮೂರಲ್ಲಿ ಅದು ವಿಷ್ಣುವಿನ ಮನೆಯೇ, ಕೇಳುವವರು ಅಲ್ಲೇ ತಡವುತ್ತಾರೆ. ‘ಭವಸಾಗರ’, ‘ಜನ್ಮಜನ್ಮದ ಕರ್ಮ’ ಇವು ಮೇಲಿನ ಬಣ್ಣ ಅಲ್ಲ, ಒಳಗೆ ಪುನರ್ಜನ್ಮದ ಲೆಕ್ಕ ಇಟ್ಟುಕೊಂಡ ಶಬ್ದಗಳು. ಕ್ರೈಸ್ತ ಬೋಧನೆಯಲ್ಲಿ ಒಂದೇ ಜನ್ಮ, ಒಂದೇ ಮರಣ. ಹಾಗಾಗಿ ಅವು ಬಂದ ಕಡೆ ಪದದ ತರ್ಕವೇ ಮುರಿಯುತ್ತದೆ. ‘ಮನುಷ್ಯಾವತಾರ’ ಇಗರ್ಜಿಯ ಕನ್ನಡದಲ್ಲಿ ನೆಲೆಯಾಗಿರುವ ಶಬ್ದ, ತೊಂದರೆ ಇಲ್ಲ. ‘ಅವತಾರಗಳು’ ಎಂದು ಬಹುವಚನ ಮಾಡಿದರೆ ತೊಂದರೆ. ಕೃಪೆ, ದಯೆ, ಶರಣು, ಸೆರಗೊಡ್ಡು, ಒಡೆಯ, ಪಾದ, ತೊತ್ತು: ಇವು ಎಲ್ಲರವು.

ಪಾದ ಅಂದಾಗ ಒಂದು ಮಾತು. ದಾಸರ ಪದದಲ್ಲಿ ಭಕ್ತ ದೇವರ ಪಾದ ಹಿಡಿಯುತ್ತಾನೆ. ಯೋಹಾನನ 13ನೇ ಅಧ್ಯಾಯದಲ್ಲಿ ಒಡೆಯನೇ ಬಗ್ಗಿ ಶಿಷ್ಯರ ಕಾಲು ತೊಳೆಯುತ್ತಾನೆ. ಅದೇ ರೂಪಕ, ತಿರುಗಿ ನಿಂತಿದೆ. ಹೆಸರು ಬದಲಿಸಿದ ಪದಕ್ಕೂ ನಿಜಕ್ಕೂ ಕ್ರೈಸ್ತವಾದ ಪದಕ್ಕೂ ಇರುವ ಅಂತರ ಇಂಥ ಜಾಗದಲ್ಲಿ ಸಿಗುತ್ತದೆ. ಪಾದ ಬಿಡಬೇಡಿ, ಯಾರು ಯಾರದ್ದನ್ನು ಹಿಡಿದಿದ್ದಾರೆ ಎಂದು ನೋಡಿ.

ನಿಂದಾಸ್ತುತಿಯೂ ಹಾಗೆಯೇ. ದೇವರನ್ನು ಗದರಿಸುವುದು ದಾಸರ ಸಲಿಗೆ ಮಾತ್ರ ಅಲ್ಲ, ಕೀರ್ತನೆಗಳ ಗ್ರಂಥದಲ್ಲಿ ಧಾರಾಳ ಇದೆ. 13ನೆಯದು ‘ಎಷ್ಟರ ತನಕ’ ಎಂದು ಕೇಳುತ್ತಲೇ ಶುರು. 88ನೆಯದು ಸಮಾಧಾನವೇ ಇಲ್ಲದೆ ಕತ್ತಲೆಯಲ್ಲಿ ಮುಗಿಯುತ್ತದೆ. ಹನ್ನೆರಡನೇ ಸ್ಥಳಕ್ಕೆ 22ನೇ ಕೀರ್ತನೆ ಇದ್ದೇ ಇದೆ. ಶಿಲುಬೆಯ ಮೇಲೆ ಯೇಸು ಕೂಗಿದ್ದು ಅದರ ಮೊದಲ ಸಾಲನ್ನು.

ಸೊಲ್ಲು

ನಿಮ್ಮ ವಚನದ ಬಗ್ಗೆ ಯಾರೂ ಮಾತಾಡಲಿಲ್ಲ. ನಾನು ಹೇಳುತ್ತೇನೆ, ಬೇಸರ ಮಾಡಬೇಡಿ ಮಾರಾಯ್ರೆ.

ನಾಲ್ಕು ಸಾಲಿನಲ್ಲಿ ಮೂರು ‘ಎಂಬ’. ಸಾಗರ, ತೆರೆ, ದೋಣಿ, ದಡ ಎಲ್ಲ ಒಂದೇ ಗೋದಾಮಿನ ಮಾಲು. ಇದನ್ನು ಹದಿನಾಲ್ಕು ಸ್ಥಳದಲ್ಲಿ ಯಾವುದಕ್ಕೂ ಅಂಟಿಸಬಹುದು. ಮೂರನೇ ಸ್ಥಳದಲ್ಲಿ ಸಾಗರ ಎಲ್ಲಿಂದ ಬಂತು? ಅಲ್ಲಿರುವುದು ಕಲ್ಲಿನ ದಾರಿ, ಮರದ ಭಾರ, ಬಿದ್ದ ಮನುಷ್ಯ, ನೋಡುವ ಜನ.

ವಚನ ಛಂದಸ್ಸಿಲ್ಲದ ಪದ್ಯ, ಹೌದು. ಕಟ್ಟಿಲ್ಲದ್ದು ಅಲ್ಲ. ಅದರ ಬೆನ್ನೆಲುಬು ಮೂರು. ಒಂದು, ಹೋಲುವ ವಾಕ್ಯಗಳು ಒಂದರ ಮೇಲೊಂದು ಏರುವುದು. ಎರಡು, ‘ಅಲ್ಲದೆ’, ‘ಉಂಟೆ’, ‘ಎಂತು’ ಇಂಥ ಒಂದು ತಿರುವು. ಮೂರು, ಕೊನೆಗೆ ಕರೆ. ಹೋಲುವ ವಾಕ್ಯ ಕೀರ್ತನೆಗಳ ಗ್ರಂಥದ ಬೆನ್ನೆಲುಬೂ ಹೌದು, ಒಂದೇ ಮಾತನ್ನು ಎರಡು ಸಲ ಬೇರೆ ಬೇರೆ ಶಬ್ದದಲ್ಲಿ ಹೇಳುವುದು. ಹಾಗಾಗಿ ಈ ಎರಡು ಪರಂಪರೆ ಸೇರಿಸಲು ನೀವು ಗೋಂದು ಹುಡುಕುವುದು ಬೇಡ. ನಿಮ್ಮ ತುಂಡಿನಲ್ಲಿ ಕರೆ ಇದೆ, ತಿರುವು ಇಲ್ಲ. ಹೀಗೆ ನೋಡಿ (ಒಂಬತ್ತನೇ ಸ್ಥಳಕ್ಕೆ, ಮೂರನೇ ಸಲ ಬಿದ್ದದ್ದು):

ಮೊದಲ ಸಲ ಬಿದ್ದೆ, ಅಯ್ಯೋ ಎಂದೆ.
ಎರಡನೆಯ ಸಲ ಬಿದ್ದೆ, ಎಣಿಸಿದೆ.
ಮೂರನೆಯ ಸಲ ಬಿದ್ದೆ, ಬಿಸಿಲು ನೋಡಿದೆ, ಹೊತ್ತು ನೋಡಿದೆ.
ಬಿದ್ದ ನೀನು ಎದ್ದು ನನ್ನ ಎತ್ತಬೇಕಲ್ಲದೆ
ನಿಂತೇ ಇರುವ ನನಗೆ ಏಳುವುದೆಂತು, ನನ್ನೊಡೆಯ?

ಇದರಲ್ಲಿ ಒಂದು ತಪ್ಪು ಬೇಕೆಂದೇ ಬಿಟ್ಟಿದ್ದೇನೆ. ‘ಬಿದ್ದೆ’ ಎಂದರೆ ನಾನು ಬಿದ್ದೆ ಎಂತಲೂ ಆಗುತ್ತದೆ, ನೀನು ಬಿದ್ದೆ ಎಂತಲೂ ಆಗುತ್ತದೆ. ಓದುವಾಗ ಅದು ಚಂದ, ಬಿದ್ದವರು ಯಾರು ಎಂದು ಕ್ಷಣ ತಡವರಿಸುವುದೇ ಪದದ ವಿಷಯ. ದಾರಿಯಲ್ಲಿ ಮೈಕಿನಲ್ಲಿ ಕೇಳುವಾಗ ಬರೀ ಗೊಂದಲ. ಕಿವಿಗಾಗಿಯಾದರೆ ಮೊದಲ ಸಾಲು ‘ಮೊದಲ ಸಲ ನೀ ಬಿದ್ದೆ, ನಾನು ಅಯ್ಯೋ ಎಂದೆ’ ಎಂದು ಮಾಡಿ, ಉಳಿದದ್ದು ತಾನಾಗಿ ಸರಿಹೋಗುತ್ತದೆ.

ಅಂಕಿತ: ಹರಿದಾಸರಲ್ಲಿ ಅದು ಗುರು ಕೊಡುವಂಥದ್ದು. ವಚನಕಾರರಲ್ಲಿ ಅದು ಇಷ್ಟದೈವದ ಹೆಸರು, ಕೆಲವೊಮ್ಮೆ ಊರಿನ ಗುರುತು. ಕೂಡಲಸಂಗಮ ಎಂದರೆ ನದಿಗಳು ಕೂಡುವ ಜಾಗ. ಕವಿಯ ಸಹಿ ಎಂಬುದು ಆಮೇಲಿನ ಉಪಯೋಗ. ನೀವು ಹದಿನಾಲ್ಕಕ್ಕೂ ಒಂದೇ ಕರೆ ಇಡಿ, ಸಾಕು. ಪರೀಕ್ಷೆ ಸುಲಭ: ಕೊನೆಯ ಕರೆಯನ್ನು ಬೆರಳಿನಿಂದ ಮುಚ್ಚಿ ಓದಿ. ಪದ ಏನೂ ಕಳೆದುಕೊಳ್ಳದಿದ್ದರೆ ಆ ಕರೆ ಅಲಂಕಾರ. ಪದವೇ ಕುಸಿದರೆ ಮೇಲೆ ಏನೂ ಇರಲಿಲ್ಲ ಎಂದರ್ಥ. ಊರಿನ ಗುರುತು ಬೇಕು ಎಂದು ಬೇಳದ ಇಗರ್ಜಿಯ ವ್ಯಾಕುಲ ಮಾತೆಯನ್ನು (ಯೇಸುವಿನ ತಾಯಿ ಮರಿಯ) ಅಂಕಿತ ಮಾಡಬೇಡಿ. ಮಾತೆಯ ಹತ್ತಿರ ‘ನಮಗಾಗಿ ಬೇಡಿಕೋ’ ಎಂದು ಕೇಳುವುದು, ‘ಪಾಪ ಕ್ಷಮಿಸು’ ಎಂದು ಅಲ್ಲ. ಅಂಕಿತದ ಜಾಗದಲ್ಲಿ ಕೂರಿಸಿದರೆ ಹದಿನಾಲ್ಕರಲ್ಲಿ ಹತ್ತು ಕಡೆ ಆ ಗೆರೆ ದಾಟುತ್ತೀರಿ.

ಕೊನೆಗೆ ನನ್ನ ಅಭಿಪ್ರಾಯ: ಎರಡನ್ನೂ ಬೆರೆಸಬೇಡಿ. ಹದಿನಾಲ್ಕೂ ಭಾಮಿನಿ, ಅಥವಾ ಹದಿನಾಲ್ಕೂ ವಚನ. ನಡೆಯುವ ಜನರಿಗಾದರೆ ಭಾಮಿನಿ ಮತ್ತು ಒಂದು ಪಲ್ಲವಿ. ಪದ್ಯವನ್ನು ಮುಂದಾಳು ಹಾಡಲಿ, ಜನರಿಗೆ ಪಲ್ಲವಿ ಮಾತ್ರ. ಭಜನೆಯಲ್ಲಿ ಸೊಲ್ಲು ಹೇಳಿಕೊಡುವ ಕ್ರಮವೇ, ನಮ್ಮ ಊರಿಗೆ ಹೊಸತಲ್ಲ.

ತಪಸ್ಸುಕಾಲ

ಎಲ್ಲರಿಗೂ ಉಪಕಾರ. ಸಾಗರ, ದೋಣಿ ಎರಡೂ ಮುಳುಗಿದವು. ಭಾಮಿನಿಯಲ್ಲೇ ಬರೆಯುತ್ತೇನೆ, ಹೆಸರುಗಳ ಪಟ್ಟಿ ಮಾಡಿಕೊಂಡೆ. ಪಲ್ಲವಿಗೆ ಇದು ಆದೀತೋ? ಭಾಮಿನಿಯದ್ದೇ 3+4 ನಡೆ:

ನಡೆವ ದಾರಿಯ ಕಲ್ಲು ಕಲ್ಲಿಗು
ಒಡೆಯ ನಿನ್ನದೆ ಹೆಸರಿದೆ

ಇನ್ನೆರಡು ವಿಷಯ. ಈಗಿನ ಕಥೋಲಿಕ ಬೈಬಲಿನಲ್ಲಿ ಯೇಸುವಿಗೆ ‘ಹೇಳಿದರು’, ‘ಬಂದರು’ ಎಂದು ಬಹುವಚನ. ದಾಸರದ್ದು ‘ನೀನು’. ನಾನು ಯಾವುದನ್ನು ಹಿಡಿಯಲಿ? ಮತ್ತೆ ಹದಿನಾಲ್ಕನೇ ಸ್ಥಳಕ್ಕೆ (ಸಮಾಧಿ) ಏನೂ ಹೊಳೆಯುತ್ತಿಲ್ಲ.

ಚಂದ್ರಗಿರಿ ದಡ

ಎದುರಿಗೆ ಕರೆಯುವಾಗ ‘ನೀನು’. ಕತೆ ಹೇಳುವಾಗ ಬಹುವಚನ ಬೇಕಿದ್ದರೆ ಮುಂದಾಳು ಓದುವ ಗದ್ಯದಲ್ಲಿ ಇರಲಿ. ಒಂದೇ ಪದ್ಯದಲ್ಲಿ ‘ಅವರು ಬಿದ್ದರು, ನೀನು ಎತ್ತು’ ಎಂದು ಎರಡೂ ಬಂದರೆ ಇಬ್ಬರು ಮನುಷ್ಯರಿದ್ದಾರೆ ಎಂದು ಕೇಳಿಸುತ್ತದೆ. ಭಾಮಿನಿಯಲ್ಲಿ ಬಹುವಚನಕ್ಕೆ ಪ್ರತಿ ಕ್ರಿಯಾಪದದಲ್ಲೂ ಜಾಗ ಹುಡುಕುವ ಕಷ್ಟ ಬೇರೆ.

ಹದಿನಾಲ್ಕಕ್ಕೆ ಯೋಹಾನ 19:41 ತೆಗೆಯಿರಿ. ಶಿಲುಬೆಗೆ ಹಾಕಿದ ಜಾಗದಲ್ಲಿ ಒಂದು ತೋಟ, ತೋಟದಲ್ಲಿ ಹೊಸ ಸಮಾಧಿ. ಮುಂದೆ 20:15ರಲ್ಲಿ ಮಗ್ದಲದ ಮರಿಯಳು ಎದ್ದು ಬಂದವನನ್ನು ತೋಟದವನೆಂದೇ ತಿಳಿಯುತ್ತಾಳೆ. ಅಡಕೆ ತೋಟಕ್ಕೆ ನೀರು ಬಿಡುವ ಜನರ ಎದುರು ‘ತೋಟ’ ಎಂದರೆ ಸಾಕು, ವಿವರಿಸಬೇಕಾಗಿಲ್ಲ. ಪುನರುತ್ಥಾನವನ್ನು ಮಾತ್ರ ಅಲ್ಲೇ ಹೇಳಿ ಮುಗಿಸಬೇಡಿ. ಶುಕ್ರವಾರದ ಪದ ಶುಕ್ರವಾರದಲ್ಲೇ ನಿಲ್ಲಲಿ. ತೋಟ, ತೇವ, ಮುಚ್ಚಿದ ಕಲ್ಲು, ಅಷ್ಟೆ.

ನಾಲ್ಕನೇ ಸ್ಥಳಕ್ಕೆ ಲೂಕ 2:35ರ ಕತ್ತಿ, ಎಂಟಕ್ಕೆ (ಅಳುವ ಹೆಂಗಸರು) ಲೂಕ 23:28, ಹತ್ತಕ್ಕೆ 22ನೇ ಕೀರ್ತನೆಯಲ್ಲಿ ಬಟ್ಟೆಗೆ ಚೀಟಿ ಹಾಕುವ ಸಾಲು. ಮೂರು ಸಲ ಬೀಳುವುದು, ವೆರೋನಿಕ, ಇವು ಸುವಾರ್ತೆಗಳಲ್ಲಿ ಇಲ್ಲ, ಪರಂಪರೆಯಿಂದ ಬಂದವು. ಅಲ್ಲಿ ನಿಮಗೆ ಕೈ ಸ್ವಲ್ಪ ಸಡಿಲ. ಆದರೂ ಬರೆದದ್ದನ್ನು ಒಮ್ಮೆ ಇಗರ್ಜಿಯ ಗುರುಗಳಾದ ವಿಗಾರರಿಗೆ ತೋರಿಸಿ. ಶಿಲುಬೆ ಹಾದಿ ಭಕ್ತಿಯ ಆಚರಣೆ, ಪೂಜೆಯ ಪಾಠ ಅಲ್ಲ, ಹಾಗಾಗಿ ದೊಡ್ಡ ಅಡ್ಡಿ ಬರಲಾರದು. ಇದೇ ಪದಗಳನ್ನು ಮುಂದೆ ಬಲಿಪೂಜೆಯೊಳಗೆ ಹಾಡುವುದಾದರೆ ಮೇಲಿನ ಒಪ್ಪಿಗೆ ಬೇಕು.

ಗಣಪ್ರಸ್ತಾರ

ಪಲ್ಲವಿಯ ಲೆಕ್ಕ ಸರಿ ಇದೆ, ಡಕಾರ ಪ್ರಾಸವೂ ಇದೆ. ಆದರೂ ನಡೆಯುವಾಗ ಅದು ಬೇಡ.

ಭಾಮಿನಿಯ 3+4 ಅಂದರೆ ಮಿಶ್ರ ಚಾಪು, ಯಕ್ಷಗಾನದವರ ತ್ರಿವುಡೆಯ ಏಳು. ನಿಂತು ಹಾಡಲು ಪಸಂದು. ಗಿಡ್ಡ ಸಾಲಿಗೆ ಎರಡು ಆವರ್ತ (ತಾಳದ ಸುತ್ತು). ಉದ್ದ ಸಾಲಿನ 23ನ್ನು ನಾಲ್ಕು ಆವರ್ತದಲ್ಲಿ (28) ಹಾಕಿದರೆ 5 ಮಾತ್ರೆ ಉಸಿರಿಗೆ ಉಳಿಯುತ್ತದೆ. ಪದ್ಯಕ್ಕೆ 16 ಆವರ್ತ, ಆವರ್ತಕ್ಕೆ ಎರಡು ಸೆಕೆಂಡಿನಂತೆ ಅರ್ಧ ನಿಮಿಷ. ಆದರೆ ಮನುಷ್ಯನಿಗೆ ಇರುವುದು ಎರಡು ಕಾಲು. ಏಳರ ತಾಳಕ್ಕೆ ಒಂದು ಆವರ್ತ ಎಡಗಾಲಿನಲ್ಲಿ ಶುರುವಾದರೆ ಮುಂದಿನದು ಬಲಗಾಲಿನಲ್ಲಿ. ಹತ್ತು ಹೆಜ್ಜೆಗೆ ಮುಂದಿನವರು ಒಂದು ಕಡೆ, ಹಿಂದಿನವರು ಇನ್ನೊಂದು ಕಡೆ ಹಾಡುತ್ತಿರುತ್ತಾರೆ. ನಡೆಯುವ ಪಲ್ಲವಿ ನಾಲ್ಕರ ನಡೆಯಲ್ಲೇ ಇರಲಿ:

ನಡೆವೆವು ನಿನ್ನದೆ ಹೆಜ್ಜೆಯ ಹಿಂದೆ
ಬಿಡದಿರು ಒಡೆಯನೆ ದಾರಿಯ ಮುಂದೆ

ನಡೆವೆವು | ನಿನ್ನದೆ | ಹೆಜ್ಜೆಯ | ಹಿಂದೆ. ಕೊನೆಯದು ಮೂರು ಮಾತ್ರೆ, ಒಂದು ಮಾತ್ರೆ ಉಸಿರಿಗೆ. ಪ್ರತಿ ಗಣಕ್ಕೆ ಎರಡು ಹೆಜ್ಜೆ, ಸಾಲಿಗೆ ಎಂಟು.

ಸೊಲ್ಲು

ಮೊದಲಿನ ಪಲ್ಲವಿಯಲ್ಲಿ ಇನ್ನೊಂದು ಗುಂಡಿ ಇತ್ತು. ‘ಕಲ್ಲಿಗು’ ಮುಗಿದ ಕೂಡಲೇ ‘ಒಡೆಯ’. ಜನ ಉಸಿರು ತೆಗೆಯದೆ ಹಾಡಿದರೆ ‘ಕಲ್ಲಿಗೊಡೆಯ’. ಎರಡನೇ ಶುಕ್ರವಾರಕ್ಕೆ ಮಕ್ಕಳು ಅದನ್ನೇ ಹಾಡುತ್ತಾರೆ. ಸಾಲಿನ ಕೊನೆ ಹ್ರಸ್ವ ಉಕಾರ, ಮುಂದಿನ ಸಾಲಿನ ತಲೆ ಸ್ವರ, ಇವೆರಡು ಒಟ್ಟಿಗೆ ಬಂದ ಕಡೆಯೆಲ್ಲ ಒಮ್ಮೆ ವೇಗವಾಗಿ ಓದಿ ನೋಡಿ.

ಹಾಳೆ ಅಚ್ಚು ಹಾಕುವಾಗ: ಒಂದು ಬದಿ ಕನ್ನಡ ಲಿಪಿ, ಇನ್ನೊಂದು ಬದಿ ಅದೇ ಕನ್ನಡ ಮಲಯಾಳ ಲಿಪಿಯಲ್ಲಿ. ಟೈಪು ಮಾಡುವವರಿಗೆ ಒಂದೇ ಎಚ್ಚರಿಕೆ, ಪದದ ಕೊನೆಯ ಉಕಾರವನ್ನು ಪೂರ್ತಿ ಬರೆಯಬೇಕು. ಮಲಯಾಳದ ಅಭ್ಯಾಸದಲ್ಲಿ ಚಂದ್ರಕ್ಕಲ (ಅಕ್ಷರದ ಮೇಲಿನ ಅರ್ಧಚಂದ್ರ) ಹಾಕಿಬಿಟ್ಟರೆ ಮಕ್ಕಳು ಅರೆ ಉಕಾರ ನುಂಗುತ್ತಾರೆ, ‘ತಡೆದರು’ ಹೋಗಿ ‘ತಡೆದರ್’ ಆಗುತ್ತದೆ, ಸಾಲಿಗೆ ಒಂದು ಅಕ್ಷರ ಖೋತಾ. ಅಕ್ಷರ 16 ಪಾಯಿಂಟಿಗಿಂತ ಚಿಕ್ಕದು ಬೇಡ, ಹನ್ನೊಂದನೇ ಸ್ಥಳ ಮುಟ್ಟುವಾಗ ಬೆಳಕು ಇರುವುದಿಲ್ಲ.